ಹತ್ತೊಂಬತ್ತನೇ ಗೇಟಿನ ಅಂಚಿನಲ್ಲಿ

2024ರ ಆಗಸ್ಟ್ 10, ಶನಿವಾರ ರಾತ್ರಿ. ಕೊಪ್ಪಳ ತಾಲ್ಲೂಕಿನ ಮುನಿರಾಬಾದ್ ದಂಡೆಗೆ ತಾಗಿಕೊಂಡಿರುವ ತುಂಗಭದ್ರಾ ಅಣೆಕಟ್ಟಿನಲ್ಲಿ 19ನೇ ಗೇಟಿನ ಸರಪಳಿ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಬಾಗಿಲು ನೀರಿನ ರಭಸಕ್ಕೆ ಕಿತ್ತುಕೊಂಡು ಹೊಳೆಪಾಲಾಯಿತು. ಜಲಾಶಯ ತುಂಬಿತ್ತು. ಗಂಗಾವತಿ, ಕಾರಟಗಿ, ಸಿಂಧನೂರಿನ ಗದ್ದೆಗಳು ಅದೇ ನೀರನ್ನು ನಂಬಿಕೊಂಡಿದ್ದವು. ಒಡೆದ ಜಾಗದ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ, ಇಡೀ ವರ್ಷದ ಅನ್ನದ ನೀರನ್ನು ಕಣ್ಣೆದುರೇ ಹೊಳೆಗೆ ಬಿಡಬೇಕಾಯಿತು.

ನೀರು ಖಾಲಿಯಾಗುವವರೆಗೆ ಕಾದರೆ ಬೆಳೆ ಉಳಿಯುತ್ತಿರಲಿಲ್ಲ. ಹರಿಯುವ ನೀರಿನಲ್ಲೇ ತಡೆ ಇಳಿಸಬೇಕಿತ್ತು. ಅಣೆಕಟ್ಟುಗಳ ಗೇಟಿನಲ್ಲಿ ಪಳಗಿದ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಇಡೀ ಗೇಟನ್ನು ಒಮ್ಮೆಲೇ ಕೂರಿಸುವ ಬದಲು, ತಲಾ 4 ಅಡಿ ಎತ್ತರದ 5 ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸುವುದೆಂದು ನಿಶ್ಚಯವಾಯಿತು. ಒಂದೊಂದು ತುಂಡೂ 10 ಟನ್ನಿಗೂ ಹೆಚ್ಚು ತೂಗುತ್ತಿತ್ತು. ಮೊದಲ ಪ್ರಯತ್ನ ಕೈಗೂಡಲಿಲ್ಲ. ಆಗಸ್ಟ್ 16ರ ಸಂಜೆ ಮೊದಲ ತುಂಡು ತನ್ನ ತೋಡಿನಲ್ಲಿ ಕೂತಿತು. ಮಾರನೆಯ ದಿನ ಉಳಿದವೂ ಕೂತವು.

ಆ ವಾರ ಟಿವಿಯ ಮುಂದೆ ಕೂತಿದ್ದ ರೈತರ ಕಣ್ಣಿಗೆ ಕಟ್ಟಿದಂತೆ ಉಳಿದದ್ದು ಅಣೆಕಟ್ಟಿನ ಅಂಚಿನಲ್ಲಿ ನಿಂತ ಕಾರ್ಮಿಕರು. ಭಾರ ಹೊತ್ತದ್ದು ಕ್ರೇನು. ಆದರೆ ತೂಗಾಡುವ ಉಕ್ಕಿನ ತುದಿ ತೋಡಿಗೆ ಸರಿಯಾಗಿ ಇಳಿಯಿತೋ ಇಲ್ಲವೋ ಎಂದು ಬಗ್ಗಿ ನೋಡಿದ್ದು, ಕೈ ಮಾಡಿ ಕ್ರೇನಿನವನಿಗೆ ಸನ್ನೆ ಕೊಟ್ಟಿದ್ದು, ಕೊಂಡಿ ಬಿಡಿಸಿದ್ದು ಮನುಷ್ಯರು. ಅವರ ಕಾಲ ಕೆಳಗೆ ಹೊಳೆ ಮೊರೆಯುತ್ತಿತ್ತು.

ಭಾರವನ್ನು ಎತ್ತರಕ್ಕೆ ಏರಿಸುವ, ಏರಿಸಿದ್ದನ್ನು ಜಾಗಕ್ಕೆ ಕೂರಿಸುವ ಕಸುಬು ಈ ನಾಡಿಗೆ ಹೊಸದಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಅದಕ್ಕೆ ಎರಡೂವರೆ ಸಾವಿರ ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಜಪಾನಿನಲ್ಲಿ ಇವತ್ತು ಉಕ್ಕಿನ ಕಂಬಗಳನ್ನು ರೋಬೋಟುಗಳು ಬೆಸೆಯುತ್ತಿರುವ ಹೊತ್ತಿನಲ್ಲಿ ಆ ಇತಿಹಾಸವನ್ನು ತಿರುವಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಾಲ ಕಾಲಕ್ಕೆ ಬಂದ ಯಂತ್ರಗಳು ಮನುಷ್ಯನ ಹೆಗಲಿನ ಭಾರವನ್ನು ಇಳಿಸಿದವು. ಅವನನ್ನು ಅಂಚಿನಿಂದ ಕೆಳಗೆ ಇಳಿಸಿಕೊಳ್ಳುವ ಕೆಲಸ ಮಾತ್ರ ಬಾಕಿ ಉಳಿಯಿತು.

ಮೋರ್ಯರ ಮನೆಗಳು

ಗಂಗಾವತಿಯಿಂದ ಪಶ್ಚಿಮಕ್ಕೆ, ಹಿರೇಬೆಣಕಲ್ ಊರಿನ ಹಿಂದಿನ ಬೆಟ್ಟ ಹತ್ತಿದರೆ ಕಲ್ಲಿನ ಕೋಣೆಗಳ ಸಾಲು ಎದುರಾಗುತ್ತದೆ. ನಿಲ್ಲಿಸಿದ ಚಪ್ಪಡಿಗಳು, ಅವುಗಳ ಮೇಲೆ ಮುಚ್ಚಳದಂತೆ ಹೊದಿಸಿದ ದೊಡ್ಡ ಚಪ್ಪಡಿ, ಎದುರಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ಕೆಲವು ಕೋಣೆಗಳಲ್ಲಿ ಆಳು ತಲೆ ಬಗ್ಗಿಸದೆ ನಿಲ್ಲಬಹುದು. ಸುಮಾರು 400 ರಚನೆಗಳು ಅಲ್ಲಿವೆ. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನ ಬೃಹತ್ ಶಿಲಾಯುಗದ ಜನ ಇವನ್ನು ಕಟ್ಟಿದರೆಂದು ವಿದ್ವಾಂಸರ ಲೆಕ್ಕ. ಹತ್ತೊಂಬತ್ತನೇ ಶತಮಾನದಲ್ಲಿ ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಇದನ್ನು ಹೊರಜಗತ್ತಿಗೆ ತಿಳಿಸಿದ. ಕನ್ನಡ ನಾಡಿನ ಕಲ್ಗೋರಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಅಧ್ಯಯನ ಮಾಡಿದ ಅ. ಸುಂದರ ಅವರ ಗ್ರಂಥ 1975ರಲ್ಲಿ ಬಂತು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲೂ ಹಿರೇಬೆಣಕಲ್ ಸೇರಿತು.

ಸ್ಥಳೀಯರು ಇವನ್ನು ಮೋರ್ಯರ ಮನೆ ಎನ್ನುತ್ತಾರೆ. ಮೋರ್ಯರು ಗಿಡ್ಡ ಜನ ಎಂದು ಕತೆ ಹೇಳುತ್ತಾರೆ. ಅಷ್ಟು ಚಿಕ್ಕ ಕೈಗಳು ಅಷ್ಟು ದೊಡ್ಡ ಕಲ್ಲು ಎತ್ತಿದವೆಂದು ನಂಬಿದ ಜನರ ಬೆರಗು ಆ ಕತೆಯೊಳಗೆ ಉಳಿದುಕೊಂಡಿದೆ.

ಕಲ್ಲು ಸಿಕ್ಕಿದ್ದು ಅದೇ ಬೆಟ್ಟದಲ್ಲಿ. ಪದರ ಪದರವಾಗಿ ಬಿಡುವ ಬಂಡೆಯನ್ನು ಸೀಳಿ ತೆಗೆದ ಗುಂಡಿಯಲ್ಲಿ ಈಗ ನೀರು ನಿಲ್ಲುತ್ತದೆ. ಸೀಳಿದ ಚಪ್ಪಡಿಯನ್ನು ಸಾಗಿಸಿ ಎತ್ತಲು ಹಗ್ಗ, ಮರದ ದಿಮ್ಮಿ, ಸನ್ನೆಗೋಲು, ಮಣ್ಣು ಸುರಿದು ಮಾಡಿದ ಇಳಿಜಾರು ಬಿಟ್ಟರೆ ಬೇರೆ ಸಾಧನ ಆ ಕಾಲದಲ್ಲಿ ಇರಲಿಲ್ಲ. ಮುಚ್ಚಳದ ಕಲ್ಲು ಅಂಗುಲದಷ್ಟು ಜಾರಿದರೂ ಕೆಳಗಿದ್ದವನು ಅಪ್ಪಚ್ಚಿ. ಹತ್ತಾರು ಜನ ಒಂದೇ ಉಸಿರಿಗೆ ಎಳೆಯಬೇಕು, ಒಂದೇ ಉಸಿರಿಗೆ ನಿಲ್ಲಿಸಬೇಕು. ಅದೇ ಬೆಟ್ಟದಲ್ಲಿ ದೊಡ್ಡ ಬಂಡೆಯೊಂದರ ನೆತ್ತಿಯ ಮೇಲೆ ನಗಾರಿಯ ಆಕಾರದ ಕಲ್ಲು ಇದೆ. ಬಡಿದರೆ ದೂರದವರೆಗೂ ಸದ್ದು ಕೇಳುತ್ತದೆ.

ಉಕ್ಕು ಎಂಬ ಪದ

ಕಲ್ಲಿನ ಕೋಣೆ ಕಟ್ಟಿದವರ ಕಾಲಕ್ಕೆ ದಕ್ಷಿಣದಲ್ಲಿ ಕಬ್ಬಿಣದ ಬಳಕೆ ಬಂದಿತ್ತು. ಇತಿಹಾಸಕಾರರು ಆ ಕಾಲವನ್ನು ಕರೆಯುವುದೇ ಕಬ್ಬಿಣ ಯುಗವೆಂದು. ಮುಂದಿನ ಶತಮಾನಗಳಲ್ಲಿ ದಖ್ಖನಿನ ಕಮ್ಮಾರರು ಕಬ್ಬಿಣಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಉಕ್ಕು ಮಾಡಿದರು. ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದಿಷ್ಟು ಹಸಿರೆಲೆಯನ್ನು ಮಣ್ಣಿನ ಮೂಸೆಗೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿಟ್ಟು ತಿದಿ ಒತ್ತುತ್ತಿದ್ದರು. ಕಡ್ಡಿಯ ಇಂಗಾಲ ಕಬ್ಬಿಣದೊಳಗೆ ಇಳಿದು ಉಕ್ಕಾಗುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ವಿಧಾನವನ್ನು ಹತ್ತಿರದಿಂದ ನೋಡಿ ಬರೆದಿಟ್ಟ.

1794ರಲ್ಲಿ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಮುಂಬಯಿಯಿಂದ ಈ ಉಕ್ಕಿನ ಮಾದರಿಯನ್ನು ಲಂಡನ್ನಿಗೆ ಕಳಿಸಿದ. ಮಾರನೆಯ ವರ್ಷ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಓದಿದ. ಯುರೋಪು ಅದನ್ನು 'ವೂಟ್ಜ್' ಎಂದು ಕರೆಯಿತು. ಆ ಪದ ನಮ್ಮ 'ಉಕ್ಕು' ಎಂಬುದರ ಕೆಟ್ಟ ಉಚ್ಚಾರಣೆ ಎಂಬುದು ಬಹುತೇಕ ವಿದ್ವಾಂಸರು ಒಪ್ಪುವ ಮಾತು. ಮೈಕೆಲ್ ಫ್ಯಾರಡೆ ತನ್ನ ವಿದ್ಯುತ್ ಸಂಶೋಧನೆಗಳಿಗೆ ಕೈಹಾಕುವ ಮೊದಲೇ ಇದರ ಗುಟ್ಟು ಬಿಡಿಸಲು ವರ್ಷಗಟ್ಟಲೆ ಹೆಣಗಿದ್ದ.

ಒಂದು ಮೂಸೆಯಿಂದ ಹೊರಬರುತ್ತಿದ್ದ ಉಕ್ಕಿನ ಗಟ್ಟಿ ಅಂಗೈಯಲ್ಲಿ ಹಿಡಿಯುವಷ್ಟು ಮಾತ್ರ. ಅದರಲ್ಲಿ ಕತ್ತಿಯಾಗುತ್ತಿತ್ತು, ಉಳಿಯಾಗುತ್ತಿತ್ತು. ತೊಲೆಯಾಗುತ್ತಿರಲಿಲ್ಲ. ಉಕ್ಕಿನಿಂದ ಕಟ್ಟಡ ಏಳಬೇಕಾದರೆ ಅದನ್ನು ಟನ್ನುಗಟ್ಟಲೆ ಕರಗಿಸಬೇಕಿತ್ತು. ಇಂಗ್ಲೆಂಡಿನ ಹೆನ್ರಿ ಬೆಸಿಮರ್ 1856ರಲ್ಲಿ ಅಂಥ ವಿಧಾನ ಪ್ರಕಟಿಸಿದ. ಹಳ್ಳಿಯ ಕುಲುಮೆಯ ಉಕ್ಕು ಆ ಬಳಿಕ ಚೇತರಿಸಿಕೊಳ್ಳಲಿಲ್ಲ. ಉಳಿದದ್ದು ಉಳಿಯೇ. ಆ ಉಳಿಯ ಕೆಲಸ ಶತಮಾನಗಳ ಹಿಂದೆಯೇ ಎಷ್ಟು ಎತ್ತರಕ್ಕೆ ಹೋಗಿತ್ತೆಂದು ನೋಡಲು ಇಟಗಿಗೆ ಹೋಗಬೇಕು.

ನೆಲದ ಮೇಲೆ ಕಡೆದು ಮೇಲೆ ಜೋಡಿಸಿದ್ದು

ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯ 1112ರದ್ದು. ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಅದನ್ನು ಕಟ್ಟಿಸಿದ. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಹಿರೇಬೆಣಕಲ್ಲಿನ ಗಡಸು ಕಲ್ಲಿನ ಬದಲು ಇಲ್ಲಿ ಬಳಪದ ಕಲ್ಲು ಬಂದಿದೆ. ಗಣಿಯಿಂದ ತೆಗೆದಾಗ ಮೆತ್ತಗಿರುವ ಈ ಕಲ್ಲು ಉಳಿಗೆ ಸಲೀಸಾಗಿ ಬಗ್ಗುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ.

ಇಟಗಿಯ ಕಂಬಗಳನ್ನು ಬೆರಳಿನಿಂದ ಸವರಿದರೆ ಕುಂಬಾರನ ತಿಗರಿಯ ಮೇಲೆ ತಿರುಗಿದ ಮಡಕೆಯ ನೆನಪಾಗುತ್ತದೆ. ಉಂಗುರದ ಮೇಲೆ ಉಂಗುರ, ಒಂದರ ಅಂಚಿಗೂ ಇನ್ನೊಂದರ ಅಂಚಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಲ್ಲನ್ನು ತಿರುಗಣೆಗೆ ಹಾಕಿ ತಿರುಗಿಸುತ್ತ ಕಡೆದದ್ದರ ಗುರುತು ಅದು. ಕಟ್ಟುವ ಕಸುಬಿಗೆ ಯಂತ್ರ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ ಎಂದು ತಿಳಿದವರು ಈ ಕಂಬಗಳ ಮುಂದೆ ಒಂದು ಗಳಿಗೆ ನಿಲ್ಲಬೇಕು. ತೊಲೆ, ಬೋದಿಗೆ, ಕಂಬ ಎಲ್ಲವನ್ನೂ ನೆಲದ ಮೇಲೆ ಅಳತೆಗೆ ಸರಿಯಾಗಿ ಸಿದ್ಧಮಾಡಿಕೊಂಡು, ಆಮೇಲೆ ಎತ್ತಿ, ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸುವ ಕ್ರಮ ಅವರದು. ಉಕ್ಕಿನ ಗಗನಚುಂಬಿ ಕಟ್ಟಡವನ್ನು ಇವತ್ತು ಕಟ್ಟುವ ಕ್ರಮವೂ ಇದೇ. ಕಾರ್ಖಾನೆಯಲ್ಲಿ ತೊಲೆ ಕತ್ತರಿಸಿ, ತೂತು ಕೊರೆದು, ನಂಬರು ಹಾಕಿ ಕಳಿಸುತ್ತಾರೆ. ಮೇಲೆ ಜೋಡಿಸುವುದಷ್ಟೇ ಉಳಿಯುತ್ತದೆ.

ಕಷ್ಟವಿರುವುದೂ ಆ 'ಅಷ್ಟೇ' ಎನ್ನುವ ಕಡೆ.

ಎರಡು ಸರ್ಕಾರ, ಒಂದು ಗೋಡೆ

1945ರ ಫೆಬ್ರವರಿ 28ರಂದು ತುಂಗಭದ್ರೆಯ ಎರಡೂ ದಂಡೆಯಲ್ಲಿ ಅಡಿಗಲ್ಲು ಬಿತ್ತು. ಎಡದಂಡೆ ಹೈದರಾಬಾದ್ ನಿಜಾಮನದು, ಬಲದಂಡೆ ಬ್ರಿಟಿಷರ ಮದರಾಸು ಪ್ರಾಂತ್ಯದ್ದು. ಎರಡು ಆಡಳಿತಗಳು ಎರಡು ಕಡೆಯಿಂದ ಒಂದೇ ಗೋಡೆ ಕಟ್ಟುತ್ತ ಬಂದವು. ನಡುವೆ 1947 ಬಂತು, 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿದು ಕೊಪ್ಪಳ ಸೀಮೆ ಭಾರತಕ್ಕೆ ಸೇರಿತು, ಕೆಲಸ ನಿಲ್ಲಲಿಲ್ಲ. 1953ರಲ್ಲಿ ನೀರು ನಿಂತಿತು. 2,449 ಮೀಟರ್ ಉದ್ದ, 49 ಮೀಟರ್ ಎತ್ತರ. ಸಿಮೆಂಟಿನ ಬದಲು ಸುಣ್ಣ ಮತ್ತು ಸುರ್ಕಿಯ ಗಾರೆ ಬಳಸಿ ಕಲ್ಲಿನಲ್ಲಿ ಕಟ್ಟಿದ ಅಣೆಕಟ್ಟು ಇದು. ಸುರ್ಕಿ ಎಂದರೆ ಸುಟ್ಟ ಮಣ್ಣಿನ ಪುಡಿ. ಸಿಮೆಂಟು ದುರ್ಲಭವಾಗಿದ್ದ ಕಾಲಕ್ಕೆ ಸುತ್ತಲಿನ ಕಲ್ಲು, ಸುಣ್ಣ, ಮಣ್ಣು ಮತ್ತು ಲೆಕ್ಕವಿಲ್ಲದಷ್ಟು ಕೈಗಳು ಒದಗಿ ಬಂದವು.

ಹಿರೇಬೆಣಕಲ್ಲಿನಿಂದ ಇಟಗಿಗೆ, ಇಟಗಿಯಿಂದ ಮುನಿರಾಬಾದಿಗೆ ಬಂದ ಕಲ್ಲಿನ ಕಸುಬು ಇಲ್ಲಿ ತನ್ನ ಕೊನೆಯ ದೊಡ್ಡ ಕೆಲಸ ಮಾಡಿತು. ಆ ಕಲ್ಲಿನ ಗೋಡೆಯ ನೆತ್ತಿಯ ಮೇಲೆ 33 ಉಕ್ಕಿನ ಗೇಟುಗಳು ಬಂದವು. ಕಲ್ಲು ಗಟ್ಟಿಯಾಗಿ ನಿಂತಿತು. ಉಕ್ಕಿಗೆ ಮಾತ್ರ ಬಣ್ಣ, ಗ್ರೀಸು, ತಪಾಸಣೆ ಸದಾ ಬೇಕು. ತುಕ್ಕು ರಾತ್ರಿ ಹಗಲು ದುಡಿಯುತ್ತದೆ. 2024ರಲ್ಲಿ ಕಳಚಿಕೊಂಡದ್ದು ಈ ಎರಡನೆಯ ಕಸುಬಿನ ಒಂದು ಕೊಂಡಿ.

ಗಿಣಿಗೇರಿಯ ಬೆಂಕಿ

ಅದಿರು ಬಳ್ಳಾರಿ, ಹೊಸಪೇಟೆ, ಸಂಡೂರಿನಲ್ಲಿ, ನೀರು ತುಂಗಭದ್ರೆಯಲ್ಲಿ, ರೈಲು ಗುಂತಕಲ್ಲು-ಹುಬ್ಬಳ್ಳಿ ಹಾದಿಯಲ್ಲಿ. ಮೂರೂ ಕೂಡುವ ಜಾಗದಲ್ಲಿ ಕೊಪ್ಪಳ ತಾಲ್ಲೂಕು ಇದೆ. 1990ರ ದಶಕದಲ್ಲಿ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಬೀಡುಕಬ್ಬಿಣದ ಕುಲುಮೆ ಹೊತ್ತಿಸಿತು. ಗಿಣಿಗೇರಿಯಲ್ಲಿ ಕಲ್ಯಾಣಿ ಮತ್ತು ಮುಕುಂದ್ ಕಂಪನಿಗಳು ಕೂಡಿ ಹೊಸಪೇಟೆ ಸ್ಟೀಲ್ಸ್ ನಡೆಸಿದವು. ಹೊಳೆಯಾಚೆ ತೋರಣಗಲ್ಲಿನಲ್ಲಿ ಜಿಂದಾಲರ ದೈತ್ಯ ಕಾರ್ಖಾನೆ ಎದ್ದಿತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಗುವ ಹೊತ್ತಿಗೆ ಅದರ ದಕ್ಷಿಣದ ಅಂಚಿನಲ್ಲಿ ರಾತ್ರಿಯ ಆಕಾಶ ಕೆಂಪಗಾಗಿತ್ತು. ಮೂಸೆಯ ಉಕ್ಕಿಗೆ ಹೆಸರು ಕೊಟ್ಟ ಭಾಷೆಯ ಸೀಮೆಗೆ ಉಕ್ಕು ಟನ್ನಿನ ಲೆಕ್ಕದಲ್ಲಿ ಮರಳಿ ಬಂತು.

ಬಂದದ್ದು ಬೆಲೆಯಿಲ್ಲದೆ ಅಲ್ಲ. 2025ರ ಫೆಬ್ರವರಿ 24ರಂದು ಕೊಪ್ಪಳ ನಗರದ ಪಕ್ಕದಲ್ಲೇ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಊರಿಗೆ ಊರೇ ಬಾಗಿಲು ಹಾಕಿ ಬೀದಿಗಿಳಿಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಜನರ ಜೊತೆ ನಡೆದರು. ಬೆಳೆಯ ಮೇಲೆ ಕೂರುವ ಕಪ್ಪು ಬೂದಿ, ಮಕ್ಕಳ ಕೆಮ್ಮು ಅಲ್ಲಿನ ಮಾತುಗಳಲ್ಲಿ ಮತ್ತೆ ಮತ್ತೆ ಬಂದವು. ಉಕ್ಕು ಎಲ್ಲೋ ಎತ್ತರದ ಕಟ್ಟಡವಾಗುತ್ತದೆ, ಬೂದಿ ಇಲ್ಲೇ ಉಳಿಯುತ್ತದೆ ಎಂಬ ಸಂಕಟಕ್ಕೆ ಉತ್ತರ ಕೊಡಬೇಕಾದ ಹೊಣೆ ಆ ಉಕ್ಕನ್ನು ಬಳಸುವ ಎಲ್ಲರದೂ ಹೌದು.

ನಾಲ್ವರ ಕೈಯಿಂದ ಯಂತ್ರದ ತೋಳಿಗೆ

ಉಕ್ಕಿನ ತೊಲೆಗಳನ್ನು ಎತ್ತರದಲ್ಲಿ ಜೋಡಿಸುವ ಕಸುಬು ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ರಿವೆಟ್ಟಿನ ಕಸುಬಾಗಿತ್ತು. 1931ರಲ್ಲಿ ಮುಗಿದ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಸುಮಾರು 57,000 ಟನ್ ಉಕ್ಕು ಬೇಕಾಯಿತು. ನಾಲ್ವರ ತಂಡಗಳು ಅದನ್ನು ಬೆಸೆದವು. ಒಬ್ಬ ಮೊಳೆಯನ್ನು ಕೆಂಪಗೆ ಕಾಯಿಸಿ ಇಕ್ಕಳದಿಂದ ಎಸೆಯುತ್ತಿದ್ದ. ಇನ್ನೊಬ್ಬ ಡಬ್ಬಿಯಲ್ಲಿ ಹಿಡಿದು ತೂತಿಗೆ ತೂರಿಸುತ್ತಿದ್ದ. ಮೂರನೆಯವನು ಒಂದು ಬದಿ ಒತ್ತಿ ಹಿಡಿದರೆ ನಾಲ್ಕನೆಯವನು ಗಾಳಿಯ ಸುತ್ತಿಗೆಯಿಂದ ಇನ್ನೊಂದು ಬದಿ ಬಡಿದು ತಲೆ ಮಾಡುತ್ತಿದ್ದ. ಹಿಡಿತ ತಪ್ಪಿದ ಮೊಳೆ ನೂರಾರು ಅಡಿ ಕೆಳಗಿನ ಬೀದಿಗೆ ಬೀಳುತ್ತಿತ್ತು.

ಭಾರತದಲ್ಲಿ ಇದೇ ಕಸುಬಿನ ದೊಡ್ಡ ಗುರುತು 1943ರ ಹೌರಾ ಸೇತುವೆ. 26,500 ಟನ್ ಉಕ್ಕು, ಬಹುಪಾಲು ಟಾಟಾದವರ ಜಮ್‌ಶೆಡ್‌ಪುರದ್ದು, ಪೂರ್ತಿ ರಿವೆಟ್ಟಿನ ಜೋಡಣೆ. 1951ರ ನಂತರ ಅಮೆರಿಕದಲ್ಲಿ ಹೆಚ್ಚು ಬಲದ ಬೋಲ್ಟುಗಳು ರಿವೆಟ್ಟಿನ ಜಾಗಕ್ಕೆ ಬಂದವು, ಜೊತೆಗೆ ವೆಲ್ಡಿಂಗ್ ಬಂತು. ನಾಲ್ವರ ಕೆಲಸ ಇಬ್ಬರಿಗೆ ಇಳಿಯಿತು. ಆ ಇಬ್ಬರೂ ತೊಲೆಯ ಮೇಲೆಯೇ ಉಳಿದರು.

ಮುಂದಿನ ಹೆಜ್ಜೆ ಇಟ್ಟವರು ಜಪಾನಿನವರು. 1980ರ ದಶಕದಲ್ಲಿ ಅಲ್ಲಿ ಕಟ್ಟಡಗಳಿಗೆ ಬೇಡಿಕೆ ಏರುತ್ತಿತ್ತು, ಕಟ್ಟುವ ಹುಡುಗರು ಸಿಗುತ್ತಿರಲಿಲ್ಲ. ಇದ್ದ ಕೆಲಸಗಾರರಿಗೆ ವಯಸ್ಸಾಗುತ್ತಿತ್ತು. ಶಿಮಿಜು ಎಂಬ ನಿರ್ಮಾಣ ಸಂಸ್ಥೆ 1983ರಲ್ಲಿ ಉಕ್ಕಿನ ತೊಲೆಗಳಿಗೆ ಬೆಂಕಿ ತಡೆಯುವ ಲೇಪ ಸಿಂಪಡಿಸುವ ರೋಬೋಟನ್ನು ಕೆಲಸಕ್ಕಿಳಿಸಿತು. ಉಸಿರುಗಟ್ಟಿಸುವ ದೂಳಿನ ಕೆಲಸ ಅದು. ಮನುಷ್ಯನಿಗೆ ಆಗದ ಕೆಲಸವನ್ನೇ ಯಂತ್ರಕ್ಕೆ ಮೊದಲು ಕೊಟ್ಟರು.

1990ರ ದಶಕದ ಮೊದಲ ವರ್ಷಗಳಲ್ಲಿ ಅದೇ ಸಂಸ್ಥೆ ನಾಗೋಯಾದ ಜುರೋಕು ಬ್ಯಾಂಕಿನ ಕಟ್ಟಡದಲ್ಲಿ, ಒಬಾಯಾಶಿ ಎಂಬ ಇನ್ನೊಂದು ಸಂಸ್ಥೆ ಟೋಕಿಯೊದ ಸುಮಿದಾ ಹೊಳೆಯ ದಂಡೆಯಲ್ಲಿ ಹೊಸದೊಂದು ಸಾಹಸ ಮಾಡಿದವು. ಕಟ್ಟಡದ ತುದಿಗೆ ಚಾವಣಿಯಿರುವ ಒಂದು ಕಾರ್ಖಾನೆಯನ್ನೇ ಕೂರಿಸಿದರು. ಅದರೊಳಗಿನ ಕ್ರೇನುಗಳು ಕೆಳಗಿನಿಂದ ಕಂಬ, ತೊಲೆಗಳನ್ನು ಎಳೆದುಕೊಂಡು ಜಾಗಕ್ಕೆ ಒಯ್ಯುತ್ತಿದ್ದವು. ರೋಬೋಟುಗಳು ಕಂಬಗಳನ್ನು ಬೆಸೆಯುತ್ತಿದ್ದವು. ಒಂದು ಅಂತಸ್ತು ಮುಗಿದ ಕೂಡಲೇ ಜಾಕುಗಳು ಆ ಇಡೀ ಕಾರ್ಖಾನೆಯನ್ನು ಒಂದು ಅಂತಸ್ತು ಮೇಲಕ್ಕೆ ತಳ್ಳುತ್ತಿದ್ದವು. ಒಳಗಿದ್ದವರಿಗೆ ಮಳೆಯಿಲ್ಲ, ಗಾಳಿಯಿಲ್ಲ, ಬೀಳುವ ಭಯವಿಲ್ಲ.

ಆದರೆ ಆ ಕಾರ್ಖಾನೆಯನ್ನು ಕಟ್ಟಿ ನಿಲ್ಲಿಸುವುದಕ್ಕೇ ದುಬಾರಿ ಖರ್ಚು. ಎಲ್ಲ ಅಂತಸ್ತುಗಳೂ ಒಂದೇ ಆಕಾರದಲ್ಲಿದ್ದರೆ ಮಾತ್ರ ಲಾಭ. ಜಪಾನಿನ ಆರ್ಥಿಕ ಏರಿಕೆ ಕುಸಿದ ಮೇಲೆ ಅಂಥ ದೊಡ್ಡ ವ್ಯವಸ್ಥೆಗಳು ಹಿಂದೆ ಸರಿದವು. ದಕ್ಷಿಣ ಕೊರಿಯಾದ ಸಂಶೋಧಕರು 2000ದ ದಶಕದ ಕೊನೆಯಲ್ಲಿ ತೊಲೆಗಳಿಗೆ ಬೋಲ್ಟು ಬಿಗಿಯುವ ರೋಬೋಟನ್ನು ಪರೀಕ್ಷಿಸಿದರು. ಶಿಮಿಜು 2018ರಲ್ಲಿ ಹೊಸ ತಲೆಮಾರಿನ ಯಂತ್ರಗಳನ್ನು ಹೊರತಂದಿತು. ಇಡೀ ಕಟ್ಟಡದ ಬದಲು ಒಂದೊಂದು ಕೆಲಸಕ್ಕೆ ಒಂದೊಂದು ರೋಬೋಟು.

ಅದರಲ್ಲಿ ವೆಲ್ಡಿಂಗ್ ರೋಬೋಟಿನ ಕೆಲಸ ನೋಡುವಂಥದ್ದು. ಕೆಳಗಿನ ಕಂಬದ ಮೇಲೆ ಮೇಲಿನ ಕಂಬ ನಿಂತಾಗ ನಡುವೆ ಉಳಿಯುವ ಸಂದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಯಂತ್ರ ಲೇಸರಿನಿಂದ ಆ ಸಂದಿನ ಆಕಾರ ಅಳೆಯುತ್ತದೆ. ಎಲ್ಲಿ ಹೆಚ್ಚು ಲೋಹ ತುಂಬಬೇಕು, ಎಲ್ಲಿ ಕಡಿಮೆ ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಆರು ಕೀಲಿನ ತೋಳು ಪದರದ ಮೇಲೆ ಪದರ ಬೆಸೆಯುತ್ತ ಹೋಗುತ್ತದೆ. ಒಳ್ಳೆಯ ವೆಲ್ಡರ್ ಕಣ್ಣಿನಿಂದ ಅಳೆದು ಮಣಿಕಟ್ಟಿನಿಂದ ಸರಿದೂಗಿಸುವ ವಿದ್ಯೆಯೇ ಇದು. ತಾಸುಗಟ್ಟಲೆ ಕುಕ್ಕುರುಗಾಲಿನಲ್ಲಿ ಕೂತು ಬೆಂಕಿಯ ಕಿಡಿ ನೋಡುವ ನೋವು ಮಾತ್ರ ಯಂತ್ರಕ್ಕಿಲ್ಲ. ಅದನ್ನು ಒಯ್ದು ಕಂಬಕ್ಕೆ ಹೊಂದಿಸಿ, ಮೇಲ್ವಿಚಾರಣೆ ಮಾಡಲು ಕಸುಬು ಬಲ್ಲವನೇ ಬೇಕು. ವೆಲ್ಡಿಂಗ್ ಗೊತ್ತಿಲ್ಲದವನಿಗೆ ರೋಬೋಟು ಮಾಡಿದ ಕೆಲಸ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಗುಳೆಯ ಹಾದಿ

ಗಂಗಾವತಿಯ ಕಾಲುವೆ ಸೀಮೆ ದಾಟಿ ಕುಷ್ಟಗಿ, ಯಲಬುರ್ಗಾ ಕಡೆ ಹೊರಟರೆ ನೆಲದ ಬಣ್ಣವೇ ಬೇರೆ. ಮಳೆ ಬಂದರೆ ಸಜ್ಜೆ, ಜೋಳ, ತೊಗರಿ, ಬಾರದಿದ್ದರೆ ಗುಳೆ. 1876-78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ದಖ್ಖನಿನ ಹಳ್ಳಿಗಳು ಹೊಟ್ಟೆಪಾಡಿಗೆ ಊರು ಬಿಟ್ಟವು. ಗುಳೆ ಎಂಬ ಪದವೂ ಆ ಹಾದಿಯೂ ಇಂದಿಗೂ ಸವೆದಿಲ್ಲ. ಬೆಂಗಳೂರು, ಮಂಗಳೂರು, ಗೋವೆಯ ಕಟ್ಟಡದ ಸೈಟುಗಳಲ್ಲಿ ಈ ತಾಲ್ಲೂಕುಗಳ ಕನ್ನಡ ಕೇಳಿಸುತ್ತದೆ. ದೀಪಾವಳಿಗೋ ಊರ ಜಾತ್ರೆಗೋ ಬಂದು ಹೋಗುತ್ತಾರೆ. ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು ಮನೆ ಕಾಯುತ್ತಾರೆ.

ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಹೆಚ್ಚಿನವು ಕಾಂಕ್ರೀಟಿನವು. ಉಕ್ಕು ಅಲ್ಲಿ ತೊಲೆಯಾಗಿ ಕಾಣಿಸುವ ಬದಲು ಸರಳಾಗಿ ಕಾಂಕ್ರೀಟಿನೊಳಗೆ ಅಡಗಿರುತ್ತದೆ. ಸರಳು ಬಗ್ಗಿಸುವುದು, ಜಾಲರಿಯಂತೆ ಹರಡುವುದು, ಒಂದೊಂದು ಸಂಧಿಗೂ ಬೈಂಡಿಂಗ್ ವೈರ್ ಸುತ್ತಿ ಕೊಕ್ಕೆಯಿಂದ ತಿರುಚುವುದು, ಸೆಂಟ್ರಿಂಗ್ ಹೊಡೆಯುವುದು, ಸ್ಲ್ಯಾಬಿನ ದಿನ ಎಲ್ಲರೂ ಸೇರಿ ಕಾಂಕ್ರೀಟು ಸುರಿಯುವುದು. ಬಿಸಿಲಿಗೆ ಕಾದ ಸರಳಿನ ಮೇಲೆ ಬಗ್ಗಿದ ಬೆನ್ನು ಸಂಜೆಯವರೆಗೆ ಏಳುವುದಿಲ್ಲ. ಅಮೆರಿಕದ ಸೇತುವೆಗಳಲ್ಲಿ ಈ ಸಂಧಿಗಳನ್ನು ಕಟ್ಟುವ ರೋಬೋಟು 2017ರಿಂದ ಬಳಕೆಯಲ್ಲಿದೆ. ಸೇತುವೆಯ ಎರಡೂ ಅಂಚಿಗೆ ಹಳಿ ಹಾಕಿ ಅದರ ಮೇಲೆ ಸಾಗುವ ಚೌಕಟ್ಟು, ಅದಕ್ಕೆ ತೂಗಿದ ತೋಳು, ಸಂಧಿ ಗುರುತಿಸುವ ಕ್ಯಾಮೆರಾ. ಸರಳು ಹರಡುವವರು ಮನುಷ್ಯರೇ. ಬೆನ್ನು ಮುರಿಯುವ ಕಟ್ಟುವಿಕೆ ಯಂತ್ರದ್ದು.

ಅಂಥ ಯಂತ್ರ ನಮ್ಮ ಸೈಟಿಗೆ ಬೇಗ ಬರದಿರಲು ಕಾರಣ ಸರಳ. ಜಪಾನಿನಲ್ಲಿ ಆಳು ಸಿಗಲಿಲ್ಲ, ಯಂತ್ರ ಬಂತು. ಇಲ್ಲಿ ಬರ ಬಿದ್ದ ವರ್ಷವೂ ಬಸ್ಸು ತುಂಬ ಆಳು ಬರುತ್ತಾರೆ, ಕೂಲಿ ಯಂತ್ರದ ಬಡ್ಡಿಗಿಂತ ಅಗ್ಗ. ಈ ಅಗ್ಗದ ಲೆಕ್ಕದಲ್ಲಿ ಬಿದ್ದವರ ಲೆಕ್ಕ ಸೇರುವುದಿಲ್ಲ. ಊರಿಗೆ ಮರಳಿದ ಮುರಿದ ಸೊಂಟದ ಆರೈಕೆ ಮಾಡುವುದು ಕುಷ್ಟಗಿಯ ಯಾವುದೋ ಮನೆಯ ಹೆಂಗಸರು.

ಎತ್ತರದ ಕೆಲಸದ ಬೆಲೆಯನ್ನು ಗಂಗಾವತಿ ತನ್ನ ಅಂಗಳದಲ್ಲೇ ಕಂಡಿದೆ. ಆನೆಗೊಂದಿಯಿಂದ ಹಂಪಿಯ ತಳವಾರಘಟ್ಟಕ್ಕೆ ತುಂಗಭದ್ರೆ ದಾಟಲು ಶತಮಾನಗಳ ಕಾಲ ಹರಿಗೋಲೇ ಗತಿಯಾಗಿತ್ತು. ಅಲ್ಲಿ ಕಟ್ಟಲು ಹೊರಟ ಸೇತುವೆ ಸ್ಮಾರಕಗಳ ನೋಟ ಕೆಡಿಸುತ್ತದೆಂಬ ಕಾರಣಕ್ಕೆ 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. 2006ರಲ್ಲಿ ಹೆಸರು ಪಟ್ಟಿಯಿಂದ ಹೊರಬಂತು. ನಿಂತಿದ್ದ ಕೆಲಸ ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಹೊಳೆಗೆ ಕುಸಿಯಿತು. ಮೇಲಿದ್ದ ಹಲವು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಪಟ್ಟಿ, ನೋಟ, ಪರಂಪರೆಯ ಬಗ್ಗೆ ಹತ್ತು ವರ್ಷ ಪುಟಗಟ್ಟಲೆ ಚರ್ಚೆಯಾಗಿತ್ತು. ಮೇಲೆ ನಿಂತು ಕಟ್ಟುವವರ ಸುರಕ್ಷೆಯ ಚರ್ಚೆ ಅವರು ಸತ್ತ ಮೇಲೆ ಬಂತು.

ಮತ್ತೆ ಮುನಿರಾಬಾದ್

2024ರ ಮಳೆಗಾಲ ಕೈಬಿಡಲಿಲ್ಲ. ತಾತ್ಕಾಲಿಕ ತಡೆ ಕೂತ ಕೆಲವೇ ವಾರಗಳಲ್ಲಿ ಜಲಾಶಯ ಮತ್ತೆ ತುಂಬಿತು, ಸೆಪ್ಟೆಂಬರಿನಲ್ಲಿ ಬಾಗಿನವೂ ಅರ್ಪಣೆಯಾಯಿತು. ತಜ್ಞರು ಉಳಿದ ಗೇಟುಗಳನ್ನು ತಪಾಸಣೆ ಮಾಡಿದರು. ಏಳು ದಶಕದ ತುಕ್ಕು ಒಂದೇ ಗೇಟನ್ನು ತಿಂದಿರಲಿಲ್ಲ. 2025ರ ಮಳೆಗಾಲದಲ್ಲಿ 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಿದರು. 33 ಗೇಟುಗಳನ್ನೂ ಬದಲಿಸುವ ನಿರ್ಧಾರವಾಯಿತು. ಅದಕ್ಕಾಗಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂದು ಘೋಷಣೆಯಾಯಿತು. ವರ್ಷದ ಕೊನೆಗೆ ಹಳೆಯ ಗೇಟುಗಳನ್ನು ಕತ್ತರಿಸಿ ತೆಗೆಯುವ ಕೆಲಸ ಶುರುವಾಯಿತು.

ಎರಡನೇ ಬೆಳೆಯಿಲ್ಲವೆಂದರೆ ನಾಟಿಯಿಲ್ಲ, ಕೊಯ್ಲಿಲ್ಲ, ಕಾಲುವೆ ಸೀಮೆಯಲ್ಲಿ ಕೂಲಿಯಿಲ್ಲ. ಗುಳೆಗೆ ಇನ್ನೊಂದು ಹಾದಿಯೂ ತೆರೆದಿತ್ತು: ಅದೇ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ರೈಲು ಬಂದಿತ್ತು. ಗದಗ-ವಾಡಿ ಮಾರ್ಗದ ತಳಕಲ್-ಕುಷ್ಟಗಿ ಭಾಗ ಅದು. ದಶಕಗಳ ಕಾಲ ಕಾದ ಜನ ಹೂವಿನ ಹಾರ ಹಾಕಿ ಇಂಜಿನ್ನನ್ನು ಬರಮಾಡಿಕೊಂಡರು. ಊರಲ್ಲೇ ಕಲಿಯುವ ಹಾದಿಯೂ ಇದೆ. ತಳಕಲ್ಲಿನಲ್ಲಿ, ಗಂಗಾವತಿಯಲ್ಲಿ ಈಗ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ರೋಬೋಟಿನ ತೋಳಿಗೆ ಸಂದು ಅಳೆಯಲು ಕಲಿಸುವ ಹುಡುಗಿ ಅಲ್ಲಿಂದ ಬರಬಹುದು. ಅವಳ ಪಕ್ಕದಲ್ಲಿ ನಿಂತು, ಆ ಬೆಸುಗೆ ಹಿಡಿದಿದೆಯೇ ಇಲ್ಲವೇ ಎಂದು ಹೇಳಬಲ್ಲ ವೆಲ್ಡರ್ ಗಿಣಿಗೇರಿಯಲ್ಲಿ ಈಗಾಗಲೇ ಇದ್ದಾನೆ. ಇಬ್ಬರನ್ನೂ ಒಂದೇ ಸೈಟಿಗೆ ತಂದು ನಿಲ್ಲಿಸುವ ತರಬೇತಿಗೆ ಯಾರಾದರೂ ದುಡ್ಡು ಹಾಕಬೇಕು. ಸೇತುವೆ, ಗೇಟು, ಕಟ್ಟಡದ ಟೆಂಡರಿನಲ್ಲಿ ಉಕ್ಕಿನ ಟನ್ನಿಗೆ ದರ ಬರೆಯುವ ಹಾಗೆಯೇ ಅಂಚಿನಲ್ಲಿ ನಿಲ್ಲುವವನ ಸುರಕ್ಷೆಯ ಬಲೆಗೆ, ಸೊಂಟದ ಪಟ್ಟಿಗೆ, ಅವನ ಬದಲು ನಿಲ್ಲಬಲ್ಲ ಯಂತ್ರಕ್ಕೆ ದರ ಬರೆಯಬೇಕು.

ಗೇಟು ಕತ್ತರಿಸುವ ಆ ದಿನಗಳಲ್ಲಿ ಮುನಿರಾಬಾದಿನ ದಂಡೆಯಿಂದ ನೋಡಿದರೆ ಅಣೆಕಟ್ಟಿನ ನೆತ್ತಿಯ ಮೇಲೆ ಗ್ಯಾಸ್ ಕಟರಿನ ನೀಲಿ ಕಿಡಿ ಸಣ್ಣಗೆ ಕಾಣುತ್ತಿತ್ತು. ಹಳೆಯ ಗೇಟಿನ ತಗಡು ತುಂಡಾಗಿ ಕ್ರೇನಿನ ಕೊಕ್ಕೆಗೆ ಏರುತ್ತಿತ್ತು. ಕಿಡಿಯ ಹಿಂದೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಒಬ್ಬ ಮನುಷ್ಯ ಕೂತಿದ್ದ.